ಖಣದಲ್ಲಿ ಸುತ್ತಿಟ್ಟ ಹಲ್ಲು

ಆ ಹಲ್ಲಿನ ಸೆಟ್ಟು ಟ್ರಂಕಿನಲ್ಲಿತ್ತು. ಗುಳೇದಗುಡ್ಡದ ಖಣದಲ್ಲಿ ಸುತ್ತಿ, ಮೇಲೊಂದು ಚಿಟಿಕೆ ಅರಿಸಿನ ಉದುರಿಸಿ, ತಮ್ಮ ಮದುವೆಯ ಇಳಕಲ್ ಸೀರೆಯ ಮಡಿಕೆಯೊಳಗೆ ಅವ್ವ ಅದನ್ನು ಜೋಪಾನ ಮಾಡಿದ್ದರು. ನಾನು ಕೇಳಿದ ಕೂಡಲೇ ಎದ್ದು ಹೋಗಿ, ಟ್ರಂಕಿನ ಕೊಂಡಿಯನ್ನು ಕೈಯಿಂದ ತಡವಿ ಹುಡುಕಿ ತೆಗೆದು, ಗಂಟನ್ನು ತಂದು ನನ್ನ ಮಡಿಲಿಗೆ ಹಾಕಿದರು.

“ನೋಡು ತಾಯಿ, ಒಂದಿಷ್ಟೂ ಕೆಟ್ಟಿಲ್ಲ. ಜಾತ್ರೆಗೆ ಹಾಕಿಕೊಳ್ಳುತ್ತೇನೆ.”

ಕೆಡುವುದಾದರೂ ಹೇಗೆ? ಎಂಟು ತಿಂಗಳಲ್ಲಿ ಅದು ಅನ್ನದ ಒಂದು ಅಗುಳನ್ನೂ ಅಗಿದಿರಲಿಲ್ಲ.

ನಾನು ಧಾರವಾಡದಲ್ಲಿರುವ ದಂತವೈದ್ಯೆ. ಹಲ್ಲು ಕಟ್ಟುವುದು ನನ್ನ ಕಸುಬು. 2016ರ ಬೇಸಿಗೆಯಲ್ಲಿ ಕಲಘಟಗಿ ತಾಲ್ಲೂಕಿನ ಒಂದು ಊರಿನಲ್ಲಿ ನಾವು ಕೆಲವರು ಸೇರಿ 38 ಹಿರಿಯರಿಗೆ ಉಚಿತವಾಗಿ ಹಲ್ಲು ಕಟ್ಟಿಕೊಟ್ಟೆವು. ಶಾಲೆಯ ಅಂಗಳದಲ್ಲಿ ಶಾಮಿಯಾನ, ವೇದಿಕೆಯ ಮೇಲೆ ಹೂವಿನ ಹಾರ, ಕೊನೆಗೆ ಎಲ್ಲರೂ ಹೊಸ ಹಲ್ಲು ತೋರಿಸಿ ನಕ್ಕ ಒಂದು ಚಿತ್ರ. ಆ ಚಿತ್ರವನ್ನು ನಾನು ಬಹಳ ದಿನ ಮೊಬೈಲ್‌ನಲ್ಲಿ ಇಟ್ಟುಕೊಂಡು ಕಂಡವರಿಗೆಲ್ಲ ತೋರಿಸಿದ್ದೆ. ಮುಂದಿನ ವರ್ಷ ಬೇರೆ ಕೆಲಸಕ್ಕೆ ಅದೇ ಊರಿಗೆ ಹೋದಾಗ, ಹೇಗಿದ್ದಾರೆ ನೋಡೋಣ ಎಂದು ಈ ಅವ್ವನ ಮನೆಯ ಪಡಸಾಲೆ ಹತ್ತಿದೆ. ಆಗ ಕಂಡದ್ದು ಈ ಗಂಟು.

ಸೆಟ್ಟನ್ನು ತೊಳೆದು ಅವರ ಬಾಯಿಗೆ ಹಾಕಿ ಟಾರ್ಚ್ ಹಿಡಿದು ನೋಡಿದೆ. ಕೆಳಗಿನ ಎಡಭಾಗದಲ್ಲಿ, ನಾಲಿಗೆಯ ಬದಿಗೆ, ಅಂಚು ಕೂದಲೆಳೆಯಷ್ಟು ಉದ್ದವಿತ್ತು. ಹಾಕಿಕೊಂಡ ಎರಡನೆಯ ದಿನವೇ ಅಲ್ಲಿ ಹುಣ್ಣಾಗಿದೆ. ಅವ್ವ ನಾಲ್ಕು ದಿನ ತಡೆದುಕೊಂಡು, ಐದನೆಯ ದಿನ ತೆಗೆದು ಟ್ರಂಕಿಗೆ ಹಾಕಿದ್ದಾರೆ. ಅಂಚನ್ನು ಉಜ್ಜಿ ನುಣುಪು ಮಾಡಲು ಎರಡು ನಿಮಿಷ ಸಾಕಿತ್ತು. ಆ ಎರಡು ನಿಮಿಷಕ್ಕೆ ನಾನು ಅಲ್ಲಿರಲಿಲ್ಲ.

“ನೋವಾಗುತ್ತದೆ ಎಂದು ಯಾಕೆ ಹೇಳಿಕಳುಹಿಸಲಿಲ್ಲ ಅವ್ವ?” ಎಂದೆ.

“ಪುಕ್ಕಟೆ ಕೊಟ್ಟವರಿಗೆ ಹೇಗೆ ದೂರು ಹೇಳಲಿ?”

ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಅಂದು ಸಂಜೆಯವರೆಗೆ ಊರಿನ ಓಣಿಗಳನ್ನೆಲ್ಲ ಸುತ್ತಿದೆ. 38ರಲ್ಲಿ ಇಬ್ಬರು ತೀರಿಕೊಂಡಿದ್ದರು. ಉಳಿದವರಲ್ಲಿ ಹಲ್ಲು ಬಾಯಲ್ಲಿದ್ದದ್ದು 11 ಮಂದಿಗೆ. ಮಿಕ್ಕವು ಗೂಡಿನಲ್ಲಿ, ದೇವರ ಜಗುಲಿಯ ಹಿಂದೆ, ಸಕ್ಕರೆ ಡಬ್ಬಿಯಲ್ಲಿ ಸಿಕ್ಕವು. ಒಂದನ್ನು ನಾಯಿ ಕಚ್ಚಿಕೊಂಡು ಹೋಗಿತ್ತು. ಎಲ್ಲರೂ ನನಗೆ ಚಹಾ ಕೊಟ್ಟರು. ಒಬ್ಬರೂ ಬೈಯಲಿಲ್ಲ.

ಪೂರ್ತಿ ಹಲ್ಲು ಕಟ್ಟುವುದೆಂದರೆ ಏನೆಂದು ಇಲ್ಲಿ ಸ್ವಲ್ಪ ವಿವರಿಸಬೇಕು, ಇಲ್ಲದಿದ್ದರೆ ಆ ಟ್ರಂಕಿನ ಗಂಟು ಅರ್ಥವಾಗುವುದಿಲ್ಲ. ಮೊದಲ ಸಲ ಬಂದಾಗ ಬಿಸಿನೀರಿನಲ್ಲಿ ಮೆತ್ತಗಾದ, ಕಾಂಪೌಂಡ್ ಎಂಬ ಅಚ್ಚಿನ ವಸ್ತುವಿನ ಬಿಲ್ಲೆಯನ್ನು ಬಾಯಿಗೆ ಒತ್ತಿ ಒರಟಾದ ಅಚ್ಚು ತೆಗೆಯುತ್ತೇವೆ. ಎರಡನೆಯ ಸಲ ಸೂಕ್ಷ್ಮ ಅಚ್ಚು, ಅದಕ್ಕೆ ಬಳಸುವ ಪೇಸ್ಟ್‌ನಲ್ಲಿ ಲವಂಗದ ಎಣ್ಣೆಯ ಸತ್ವ ಇರುವುದರಿಂದ ಬಾಯಿಗೆ ಹೋದ ಕೂಡಲೇ ಅಜ್ಜಿಯರ ಮುಖ ಅರಳುತ್ತದೆ, “ಲವಂಗ!” ಎನ್ನುತ್ತಾರೆ. ಮೂರನೆಯ ಸಲ ಮೇಣದ ಕಟ್ಟೆಗಳನ್ನು ಬಾಯಿಗಿಟ್ಟು, ಮೇಲಿನ ದವಡೆಗೂ ಕೆಳಗಿನದಕ್ಕೂ ಎಷ್ಟು ಅಂತರ ಇರಬೇಕೆಂದು ಗುರುತಿಸುವುದು. ನಾಲ್ಕನೆಯದಕ್ಕೆ ಮೇಣದಲ್ಲೇ ಹಲ್ಲು ಜೋಡಿಸಿ ತೋರಿಸುವುದು. ಐದನೆಯದಕ್ಕೆ ಅಕ್ರಿಲಿಕ್‌ನಲ್ಲಿ ಗಟ್ಟಿಯಾಗಿ ತಯಾರಾದ ಸೆಟ್ಟನ್ನು ಬಾಯಿಗೆ ಕೂರಿಸುವುದು.

ನನಗೆ ತುಂಬ ಇಷ್ಟವಾದದ್ದು ಮೂರನೆಯ ದಿನದ ಕೆಲಸ. ಕನ್ನಡ ಅಲ್ಲಿ ಉಪಕರಣವಾಗುತ್ತದೆ. ದವಡೆ ಆರಾಮವಾಗಿ ನಿಲ್ಲುವ ಎತ್ತರ ತಿಳಿಯಲು “ಮ” ಕಾರ ಹೇಳಿಸಬೇಕು. ನಾನು “ಅಮ್ಮ” ಎಂದು ಹೇಳಿಸುತ್ತೇನೆ. ತುಟಿ ಮುಚ್ಚಿ ತೆರೆಯುವ ಆ ಕ್ಷಣದಲ್ಲಿ ಮೂಗಿನ ತುದಿಯಿಂದ ಗದ್ದದವರೆಗೆ ಅಳೆಯುತ್ತೇನೆ. ಹಲ್ಲುಗಳ ನಡುವೆ ಕೂದಲೆಳೆಯ ಸಂದು ಉಳಿದಿದೆಯೇ ಎಂದು ನೋಡಲು “ಸಾಸಿವೆ, ಸಾಸಿವೆ” ಎನ್ನಿಸುತ್ತೇನೆ. ಮುಂದಿನ ಹಲ್ಲು ಕೆಳತುಟಿಗೆ ಎಲ್ಲಿ ತಾಗುತ್ತದೆ ಎಂದು ತಿಳಿಯಲು “ಫ” ಮತ್ತು “ವ” ಬೇಕು. ವರ್ಷಗಳಿಂದ ಹಲ್ಲಿಲ್ಲದ ಬಾಯಲ್ಲಿ “ಫ” ಹೊರಡುವುದಿಲ್ಲ, ಬರೀ ಗಾಳಿ ಬರುತ್ತದೆ. ಮೇಣದ ಹಲ್ಲು ಸರಿಯಾದ ಜಾಗಕ್ಕೆ ಬಂದಾಗ ಅಕ್ಷರ ಹುಟ್ಟುತ್ತದೆ. ಶಾಲೆಯ ಮೆಟ್ಟಿಲೇ ಹತ್ತದ ಒಬ್ಬ ಅವ್ವ ಅದನ್ನು ಇಪ್ಪತ್ತು ಸಲ ಹೇಳಿ, ಹೊರಗೆ ನಿಂತ ಗೆಳತಿಯರಿಗೂ ಕೇಳಿಸಿ ಬಂದರು.

ಆದರೆ ನಿಜವಾದ ಕೆಲಸ ಆರನೆಯ ದಿನದಿಂದ ಶುರುವಾಗುತ್ತದೆ. ಎಂಬತ್ತು ದಾಟಿದವರ ಬಾಯಿ ಐವತ್ತರವರ ಬಾಯಿಯಂತಲ್ಲ. ಹಲ್ಲು ಹೋದ ಮೇಲೆ ಅದನ್ನು ಹಿಡಿದಿದ್ದ ಎಲುಬು ವರ್ಷವರ್ಷವೂ ಸವೆಯುತ್ತದೆ, ಅದರಲ್ಲೂ ಕೆಳದವಡೆಯದು ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು. ಇಪ್ಪತ್ತು ವರ್ಷ ಹಲ್ಲಿಲ್ಲದೆ ಕಳೆದವರ ಕೆಳದವಡೆ ಉಳುಮೆಯಾದ ಹೊಲದ ಬದುವಿನಂತೆ ಕರಗಿ ಚಪ್ಪಟೆಯಾಗಿರುತ್ತದೆ. ಮೇಲಿನ ಸೆಟ್ಟು ಅಂಗುಳಕ್ಕೆ ಹೀರಿಕೊಂಡು ನಿಲ್ಲುತ್ತದೆ, ಕೆಳಗಿನದು ಹೊಳೆಯ ಮೇಲಿನ ತೆಪ್ಪದಂತೆ ಓಲಾಡುತ್ತದೆ. ಅದನ್ನು ಹಿಡಿದು ನಿಲ್ಲಿಸುವುದನ್ನು ನಾಲಿಗೆ ಮತ್ತು ಕೆನ್ನೆ ಹೊಸದಾಗಿ ಕಲಿಯಬೇಕು. ಚರ್ಮ ತೆಳು, ಜೊಲ್ಲು ಕಡಿಮೆ, ಆದ್ದರಿಂದ ಹುಣ್ಣು ಬೇಗ. ಕೊಟ್ಟ ಒಂದೆರಡು ದಿನದೊಳಗೆ ಒಮ್ಮೆ, ವಾರಕ್ಕೆ ಒಮ್ಮೆ, ತಿಂಗಳಿಗೆ ಒಮ್ಮೆ ನೋಡಿ ಒತ್ತುವ ಜಾಗವನ್ನು ಉಜ್ಜಿಕೊಡದಿದ್ದರೆ ಸೆಟ್ಟು ಟ್ರಂಕಿಗೇ ಹೋಗುತ್ತದೆ. ನಮ್ಮ ರಾಜ್ಯದಲ್ಲಿ ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲು ಕಟ್ಟಿಕೊಡುವ ದಂತ ಭಾಗ್ಯ ಯೋಜನೆ ಬಂತು, ಒಳ್ಳೆಯ ಯೋಜನೆ. ಆದರೆ ದಂತ ಕಾಲೇಜುಗಳು ನಗರದಲ್ಲಿವೆ. 85 ವರ್ಷದ ಜೀವ ಎರಡು ಬಸ್ ಬದಲಿಸಿ ಎಂಟು ಸಲ ಹೋಗಿಬರಬೇಕು, ಪ್ರತಿ ಸಲವೂ ಮಗನೋ ಸೊಸೆಯೋ ಒಂದು ದಿನದ ಕೂಲಿ ಬಿಟ್ಟು ಜೊತೆಗೆ ಬರಬೇಕು. ಹಲ್ಲು ಪುಕ್ಕಟೆಯಾದರೂ ಕೂಲಿ ಪುಕ್ಕಟೆಯಲ್ಲ.

ಅಂದಿನಿಂದ ನಾವು ಶಾಮಿಯಾನ ಹಾಕಿಸುವುದನ್ನು ಬಿಟ್ಟೆವು. ನಾನು, ಹಲ್ಲು ತಯಾರಿಸುವ ಟೆಕ್ನೀಷಿಯನ್ ತಮ್ಮ ಒಬ್ಬರು, ನಿವೃತ್ತ ಮಾಸ್ತರರು ಮತ್ತು ಅವರ ಹಳೆಯ ಓಮ್ನಿ. ತಿಂಗಳಿಗೆ ಎರಡು ಭಾನುವಾರ, ಮೂರೇ ಊರು, ಮತ್ತೆ ಮತ್ತೆ ಅದೇ ಊರು. ವರ್ಷಕ್ಕೆ ಹದಿನೈದು ಇಪ್ಪತ್ತು ಜನರಿಗಿಂತ ಹೆಚ್ಚು ಮಂದಿಗೆ ಹಲ್ಲು ಕಟ್ಟುವುದಿಲ್ಲ. ದೇಣಿಗೆ ಕೊಡುವವರು “ಇಷ್ಟೇನಾ?” ಎನ್ನುತ್ತಾರೆ. ಹೌದು, ಇಷ್ಟೇ.

ಕಣ್ಣಿನ ಕೆಲಸ ಇದಕ್ಕೆ ಸೇರಿಕೊಂಡದ್ದೂ ಅದೇ ಟ್ರಂಕಿನ ಅವ್ವನಿಂದ. ಅಂಚು ಉಜ್ಜಿ ಕೊಟ್ಟು ವಾರದ ಮೇಲೆ ಹೋದಾಗ ಅವರು ಮೇಲಿನ ಸೆಟ್ಟನ್ನು ಕೆಳಗೆ ಹಾಕಿಕೊಳ್ಳಲು ಹೆಣಗುತ್ತಿದ್ದರು. ಎರಡು ಸಲ ತೋರಿಸಿದರೂ ಮತ್ತೆ ಹಾಗೆಯೇ. ಮರೆವು ಇರಬೇಕು ಎಂದುಕೊಂಡೆ. ಆಮೇಲೆ ಅವರು ಲೋಟ ತೆಗೆದುಕೊಳ್ಳಲು ಕೈ ಚಾಚಿದಾಗ ಕೈ ಲೋಟದ ಪಕ್ಕಕ್ಕೆ ಹೋಯಿತು. ಟಾರ್ಚ್ ಬಿಟ್ಟು ನೋಡಿದರೆ ಎರಡೂ ಕಣ್ಣಿನ ಪಾಪೆ ಹಾಲುಗಲ್ಲಿನಂತೆ ಬಿಳಿ. ಕಣ್ಣು ಕಾಣದವರ ಕೈಗೆ ಹಲ್ಲು ಕೊಟ್ಟು ನಾನು ಫೋಟೊ ತೆಗೆಸಿಕೊಂಡಿದ್ದೆ.

ಹುಬ್ಬಳ್ಳಿಯಲ್ಲಿ ಕಣ್ಣು ಪರೀಕ್ಷಿಸುವ ಗೆಳತಿಯೊಬ್ಬಳಿಗೆ ಫೋನ್ ಮಾಡಿದೆ. ಮುಂದಿನ ಭಾನುವಾರ ಓಮ್ನಿಯಲ್ಲಿ ಅವಳಿಗೂ ಜಾಗವಾಯಿತು. ಇಂಗ್ಲಿಷಿನ “ಇ” ಅಕ್ಷರವನ್ನು ನಾಲ್ಕು ದಿಕ್ಕಿಗೆ ತಿರುಗಿಸಿ ಬರೆದ ಫಲಕ, ಆರು ಮೀಟರ್ ಅಳತೆಗೆ ಗಂಟು ಹಾಕಿದ ಹಗ್ಗ, ಒಂದು ಪೆಟ್ಟಿಗೆ ಕನ್ನಡಕದ ಗಾಜು. ಓದು ಬಾರದವರು “ಇ”ಯ ಕಾಲು ಯಾವ ಕಡೆಗಿದೆಯೋ ಆ ಕಡೆಗೆ ಬೆರಳು ತೋರಿಸಿದರೆ ಸಾಕು. “ಇದರ ಕಾಲು ಬಾವಿಯ ಕಡೆಗಿದೆ, ಇದರದು ಗುಡಿಯ ಕಡೆಗೆ” ಎಂದು ಊರಿನ ದಿಕ್ಕಿನಲ್ಲೇ ಹೇಳುವವರೂ ಇದ್ದಾರೆ. ಅವಳು ಅದನ್ನು ಹಾಗೆಯೇ ಬರೆದುಕೊಳ್ಳುತ್ತಾಳೆ.

ಹಾಸಿಗೆ ಹಿಡಿದ ಹಿರಿಯರನ್ನು ಹುಡುಕುವುದೇ ಕಷ್ಟ ಎಂದು ಹಿಂದೆ ಅಂದುಕೊಂಡಿದ್ದೆ. ಶಿಬಿರಕ್ಕೆ ಬರುವವರು ನಡೆಯಬಲ್ಲವರು. ನಿಜವಾಗಿ ಬೇಕಾದವರು ಒಳಮನೆಯಲ್ಲಿರುತ್ತಾರೆ. 2023ರ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದವರ ಮತ ಪಡೆಯಲು ಅಧಿಕಾರಿಗಳು ಪೆಟ್ಟಿಗೆ ಹಿಡಿದು ಮನೆಗೇ ಬಂದರು. ಯಾವ ಮನೆಗಳಿಗೆ ಬಂದಿದ್ದರು ಎಂದು ಇಡೀ ಊರಿಗೆ ಗೊತ್ತಿತ್ತು. ನಮ್ಮ ಆಶಾ ಕಾರ್ಯಕರ್ತೆ ಬೆರಳಲ್ಲೇ ಎಣಿಸಿ ಹೇಳಿದಳು. ಆ ಮನೆಗಳಲ್ಲಿ ನಾವು ಅದುವರೆಗೆ ನೋಡೇ ಇರದ ಏಳು ಮಂದಿ ಇದ್ದರು. ಮತ ಕೇಳಲು ಮನೆ ಬಾಗಿಲಿಗೆ ಬರಬಹುದಾದರೆ ಹಲ್ಲಿಗೂ ಕಣ್ಣಿಗೂ ಬರಬಹುದು. ಅಷ್ಟು ಸರಳವಾದದ್ದು ನನಗೆ ಮೊದಲೇ ಹೊಳೆಯಬೇಕಿತ್ತು.

ಆ ಏಳರಲ್ಲಿ ಒಬ್ಬರು ಹಗ್ಗದ ಅಜ್ಜ. ವಯಸ್ಸು ಕೇಳಿದರೆ, “ದೇಶಕ್ಕೆ ಸ್ವಾತಂತ್ರ್ಯ ಬಂದಾಗ ನಾನು ಎತ್ತು ಹೂಡಿ ಹೊಲ ಉಳುತ್ತಿದ್ದೆ” ಎಂದರು. ಹಾಗಾದರೆ ತೊಂಬತ್ತು ದಾಟಿರಬೇಕು. ಅವರ ಮಂಚದ ಕಾಲಿನಿಂದ ಪಡಸಾಲೆಯ ಕಂಬಕ್ಕೆ, ಅಲ್ಲಿಂದ ಬಚ್ಚಲಿಗೆ ಒಂದು ಸೆಣಬಿನ ಹಗ್ಗ ಕಟ್ಟಿತ್ತು. ಅದನ್ನು ಹಿಡಿದುಕೊಂಡೇ ನಾಲ್ಕು ವರ್ಷದಿಂದ ಓಡಾಟ. ಕೈ ಹಿಡಿಯುವ ಜಾಗದಲ್ಲಿ ಹಗ್ಗ ಕಪ್ಪಗೆ ಮಿರುಗುತ್ತಿತ್ತು.

ಮಗ ಬಾಗಿಲಲ್ಲೇ ನಿಂತು ಹೇಳಿದರು: “ಇನ್ನೆಷ್ಟು ದಿನ ಡಾಕ್ಟರ್ ಬಾಯಿ? ಈ ವಯಸ್ಸಿನಲ್ಲಿ ಕೊಯ್ಯಿಸಿ ಯಾಕೆ ನೋವು ಕೊಡಬೇಕು?” ಅಜ್ಜನೂ ಅದನ್ನೇ ಹೇಳಿದರು: “ಇನ್ನೆಷ್ಟು ದಿನ ಬಿಡು ಮಗಳೇ.”

ಈ “ಇನ್ನೆಷ್ಟು ದಿನ” ಎಂಬುದನ್ನು ನಾನು ಪ್ರತಿ ಮನೆಯಲ್ಲೂ ಕೇಳಿದ್ದೇನೆ. ಅದರಲ್ಲಿ ತಿರಸ್ಕಾರ ಇರುವುದಿಲ್ಲ. ಮಗ ತಂದೆಗೆ ದಿನಾ ಸ್ನಾನ ಮಾಡಿಸುವ ಮಗ. ಆದರೆ ಆ ಮಾತಿನ ಕೆಳಗೆ ಲೆಕ್ಕವೊಂದಿದೆ: ಉಳಿದಿರುವ ದಿನ ಕಡಿಮೆಯಾದಷ್ಟೂ ಆ ದಿನಗಳ ಬೆಲೆಯೂ ಕಡಿಮೆ ಎಂಬ ಲೆಕ್ಕ. ನನಗೆ ಅದು ತಿರುಗಾಮುರುಗಾ ಎನಿಸುತ್ತದೆ. ಎರಡೇ ವರ್ಷ ಉಳಿದಿದ್ದರೆ ಆ ಎರಡೂ ವರ್ಷ ಕತ್ತಲೆಯಲ್ಲಿ ಯಾಕೆ? ಈ ವಾದವನ್ನು ನಾನು ಮನೆಯವರೊಂದಿಗೆ ಮಾಡುವುದಿಲ್ಲ. “ಪರೀಕ್ಷೆ ಮಾತ್ರ ಮಾಡುತ್ತೇವೆ” ಎನ್ನುತ್ತೇನೆ.

ಗೆಳತಿ ಬಾಗಿಲು ಹಾಕಿಸಿ ಕತ್ತಲು ಮಾಡಿ, ಅಜ್ಜನ ಒಂದು ಕಣ್ಣು ಮುಚ್ಚಿ, ಟಾರ್ಚನ್ನು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಹಿಡಿದು “ಬೆಳಕು ಎಲ್ಲಿಂದ ಬಂತು ಅಜ್ಜಾ?” ಎಂದು ಕೇಳಿದಳು. ನಾಲ್ಕಕ್ಕೆ ನಾಲ್ಕೂ ಸರಿಯಾಗಿ ತೋರಿಸಿದರು. ಪೊರೆ ಎಷ್ಟೇ ದಪ್ಪವಾಗಿರಲಿ, ಬೆಳಕು ಬಂದ ದಿಕ್ಕು ತಿಳಿಯುತ್ತದೆ ಎಂದರೆ ಹಿಂದಿನ ನರ ಬದುಕಿದೆ ಎಂದು ನಂಬಬಹುದು. ಗೆಳತಿ ನನ್ನ ಕೈ ಅದುಮಿದಳು.

“ನಮ್ಮ ಅವ್ವನಿಗೆ ಮೋದಿ ಡಾಕ್ಟರು ಕಣ್ಣು ಮಾಡಿದ್ದರು” ಎಂದು ಅಜ್ಜ ಆಗ ತಾನಾಗಿಯೇ ಮಾತು ತೆಗೆದರು. ಈ ಭಾಗದ ಹಳೆಯ ಮಂದಿಯಲ್ಲಿ ಆ ಹೆಸರು ಇನ್ನೂ ಬದುಕಿದೆ. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು 1943ರಿಂದ ಊರೂರು ಸುತ್ತಿ ಸಾಮೂಹಿಕವಾಗಿ ಕಣ್ಣಿನ ಪೊರೆ ತೆಗೆದವರು. ಒಂದೇ ದಿನದಲ್ಲಿ 833 ಶಸ್ತ್ರಚಿಕಿತ್ಸೆ ಮಾಡಿದ ಅವರ ದಾಖಲೆ ಗಿನ್ನೆಸ್ ಪುಸ್ತಕದಲ್ಲಿದೆ. ಅಜ್ಜನ ತಾಯಿಗೆ ಆಮೇಲೆ ದಪ್ಪ ಗಾಜಿನ ಕನ್ನಡಕ ಬಂದಿತ್ತಂತೆ. ಆ ಕಾಲದಲ್ಲಿ ಪೊರೆಗಟ್ಟಿದ ಮಸೂರವನ್ನು ಹೊರತೆಗೆದರೆ ಅದರ ಜಾಗಕ್ಕೆ ಏನನ್ನೂ ಇಡುತ್ತಿರಲಿಲ್ಲ. ಮಸೂರದ ಕೆಲಸವನ್ನೆಲ್ಲ ಆ ದಪ್ಪ ಗಾಜೇ ಮಾಡಬೇಕಿತ್ತು. “ಬಣವೆಯಲ್ಲಿ ಕನ್ನಡಕ ಕಳೆದುಹೋಯಿತು. ಅವ್ವ ಮತ್ತೆ ಕುರುಡಿಯಾದಳು. ಇನ್ನೊಂದು ಕನ್ನಡಕ ತರಲು ಯಾರಿಗೂ ಆಗಲಿಲ್ಲ” ಎಂದರು ಅಜ್ಜ. ಎಂಟು ವರ್ಷ ಆಕೆ ಹಾಗೆಯೇ ಬದುಕಿದ್ದರಂತೆ.

ಅವರ ಹೆದರಿಕೆ ಏನೆಂದು ನನಗೆ ಆಗ ತಿಳಿಯಿತು. ಕತ್ತಿಯ ಹೆದರಿಕೆಯಲ್ಲ. ಬಂದ ಬೆಳಕು ಮತ್ತೆ ಹೋಗುವ ಹೆದರಿಕೆ. ಗೆಳತಿ ಹೇಳಿದಳು, “ಅಜ್ಜಾ, ಈಗ ಗಾಜನ್ನು ಕಣ್ಣಿನ ಒಳಗೇ ಇಡುತ್ತಾರೆ. ಬಣವೆಯಲ್ಲಿ ಕಳೆಯುವುದಿಲ್ಲ.” ಕಣ್ಣಿನೊಳಗಿಡುವ ಮಸೂರವನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲೇ ಮೊದಲು ಅಳವಡಿಸಿದ್ದರೂ ನಮ್ಮ ಬಡವರಿಗೆ ಅದು ದೂರವೇ ಇತ್ತು. 1992ರಲ್ಲಿ ಮಧುರೈನ ಅರವಿಂದ ಕಣ್ಣಿನ ಆಸ್ಪತ್ರೆಯವರು ಅರೋಲ್ಯಾಬ್ ಕಟ್ಟಿ ಅಗ್ಗದ ಬೆಲೆಗೆ ಮಸೂರ ತಯಾರಿಸತೊಡಗಿದ ಮೇಲೆ ಹಳ್ಳಿಯ ಕಣ್ಣಿಗೂ ಅದು ಎಟುಕಿತು. ಅಜ್ಜ ಬಹಳ ಹೊತ್ತು ಸುಮ್ಮನಿದ್ದು, “ಒಳಗೇ ಇಡುತ್ತಾರೆಯೇ?” ಎಂದು ಇನ್ನೊಮ್ಮೆ ಕೇಳಿದರು.

ಈಗ ಶಾಲೆಗಳಲ್ಲಿ ಕಣ್ಣು ಕೊಯ್ಯುವುದಿಲ್ಲ, ಮಾಡಬಾರದು ಕೂಡ. ಸೋಂಕು ತಗುಲಿದರೆ ಕಣ್ಣೇ ಹೋಗುತ್ತದೆ. ಊರಿನಲ್ಲಿ ತಪಾಸಣೆ, ಶಸ್ತ್ರಚಿಕಿತ್ಸೆಗೆ ಆಸ್ಪತ್ರೆ. ಮಾಸ್ತರರ ಓಮ್ನಿಯಲ್ಲಿ ಅಜ್ಜನನ್ನು ಕರೆದೊಯ್ದೆವು. ಅಲ್ಲಿ ಮೂಗಿನ ಬದಿಗೆ ಕಣ್ಣಿನ ಮೂಲೆಯನ್ನು ಒತ್ತಿದರೆ ಕೀವು ಬಂತು. ಕಣ್ಣೀರಿನ ಚೀಲ ಕಟ್ಟಿಕೊಂಡು ಕೊಳೆತಿತ್ತು. ಅದನ್ನು ಸರಿಪಡಿಸದೆ ಪೊರೆ ಮುಟ್ಟುವಂತಿಲ್ಲ. ಮೊದಲು ಅದರ ಚಿಕಿತ್ಸೆ, ಆಮೇಲೆ ಕೆಲವು ವಾರ ಕಾಯುವುದು. ವಾಪಸ್ ಬಂದಾಗ ಮಗ ಏನೂ ಹೇಳಲಿಲ್ಲ, ಆದರೆ ಮುಖದಲ್ಲಿ “ನಾನು ಹೇಳಿರಲಿಲ್ಲವೇ” ಎಂಬುದು ಇತ್ತು. ಶಿಬಿರಗಳಲ್ಲಿ ಬಹಳಷ್ಟು ಜನ ಇಲ್ಲಿಯೇ ಕೈಬಿಟ್ಟುಹೋಗುತ್ತಾರೆ. “ಈಗ ಆಗುವುದಿಲ್ಲ” ಎಂಬುದು ಊರು ತಲುಪುವಷ್ಟರಲ್ಲಿ “ಆಗುವುದೇ ಇಲ್ಲ” ಎಂದಾಗುತ್ತದೆ. ಮಾಸ್ತರರು ಪ್ರತಿ ವಾರ ಹೋಗಿ ಅಜ್ಜನ ಜೊತೆ ಎಲೆ ಅಡಿಕೆ ಹಾಕಿ ಬಂದರು. ಅದೂ ಚಿಕಿತ್ಸೆಯ ಭಾಗವೇ ಎಂದು ನಾನು ಬರೆದಿಟ್ಟಿದ್ದೇನೆ.

ಎರಡನೆಯ ಸಲ ಹೋದಾಗ ಪೊರೆ ತೆಗೆದರು. ಅಷ್ಟು ಗಟ್ಟಿಯಾಗಿ ಕಂದು ಬಣ್ಣಕ್ಕೆ ತಿರುಗಿದ ಪೊರೆಗೆ ಹೊಲಿಗೆ ಬೇಡದ ಸಣ್ಣ ಗಾಯದ ವಿಧಾನವೇ ಸೂಕ್ತವೆಂದು ವೈದ್ಯರು ಹೇಳಿದರು. ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ. ಮರುದಿನ ಪಟ್ಟಿ ಬಿಚ್ಚಿದಾಗ ಅಜ್ಜ ಮೊದಲು ನೋಡಿದ್ದು ತಮ್ಮ ಎರಡೂ ಅಂಗೈಗಳನ್ನು. ತಿರುಗಿಸಿ ತಿರುಗಿಸಿ ನೋಡಿದರು. ನಂತರ ಮಗನನ್ನು ನೋಡಿ, “ನಿನ್ನ ಮೀಸೆಯೂ ಬೆಳ್ಳಗಾಯಿತಲ್ಲೋ!” ಎಂದರು. ಆ ಮಗನಿಗೆ ಈಗ ಅರವತ್ತೆರಡು. ಅವರು ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತರು.

ಆಮೇಲಿನ ಆರು ವಾರ ಕಣ್ಣಿಗೆ ಹನಿ ಹಾಕಬೇಕು. ಕೈ ನಡುಗುವವರಿಗೆ, ಅವಸರದಲ್ಲಿರುವ ಸೊಸೆಗೆ ಇದೇ ದೊಡ್ಡ ತೊಡಕು. ನಾವು ಕಲಿಸುವ ಉಪಾಯ ಇದು: ಮಲಗಿಸಿ, ಕಣ್ಣು ಮುಚ್ಚಿಸಿ, ಮೂಗಿನ ಬದಿಯ ಮೂಲೆಯಲ್ಲಿ ಒಂದು ಹನಿ ಬಿಡಿ, ಆಮೇಲೆ ಕಣ್ಣು ತೆರೆದರೆ ತಾನಾಗಿಯೇ ಒಳಗಿಳಿಯುತ್ತದೆ. ಬಾಟಲಿಯ ತುದಿ ಕಣ್ಣಿಗೆ ತಾಗಬಾರದು. ಒಲೆಯ ಹೊಗೆಯಿಂದ ದೂರ ಇರಬೇಕು. ಬದನೆಕಾಯಿ ನಂಜು, ಕಡಲೆ ನಂಜು ಎಂದು ಒಂದು ತಿಂಗಳು ಬರೀ ಗಂಜಿ ಕೊಡುವ ಮನೆಗಳಿವೆ. ಹಾಗೆ ಮಾಡಬೇಡಿ ಎಂದು ಅತ್ತೆಯ ಎದುರಿಗೇ ಸೊಸೆಗೆ ಹೇಳಿಬರುತ್ತೇವೆ, ಇಲ್ಲವಾದರೆ ತಪ್ಪು ಸೊಸೆಯ ಮೇಲೆ ಬರುತ್ತದೆ. ಚಳಿಗಾಲದಲ್ಲಿ ಮಾತ್ರ ಕಣ್ಣು ಮಾಡಿಸಬೇಕು ಎಂಬ ನಂಬಿಕೆಯೂ ಇದೆ. ಯಾವ ಕಾಲದಲ್ಲಾದರೂ ಮಾಡಿಸಬಹುದು. ಆದರೆ ಬಿತ್ತನೆ, ಹತ್ತಿ ಬಿಡಿಸುವ ದಿನಗಳಲ್ಲಿ ಜೊತೆಗೆ ಬರುವವರು ಸಿಗುವುದಿಲ್ಲ, ಅದು ನಂಬಿಕೆಯಲ್ಲ, ಹೊಟ್ಟೆಪಾಡು. ನಾವು ಅದಕ್ಕೆ ಹೊಂದಿಕೊಳ್ಳುತ್ತೇವೆ.

ಎಲ್ಲ ಕಥೆಯೂ ಹೀಗಿಲ್ಲ. ಅದೇ ಓಣಿಯ ಒಬ್ಬ ಅವ್ವನಿಗೆ ಗೆಳತಿ ಟಾರ್ಚ್ ಬಿಟ್ಟಳು. ಪಾಪೆ ಸ್ವಚ್ಛವಾಗಿತ್ತು, ಹೊಳೆಯುತ್ತಿತ್ತು, ಆದರೆ ಬೆಳಕೇ ತಿಳಿಯಲಿಲ್ಲ. ಕಣ್ಣಿನ ಒತ್ತಡ ಏರಿ ಏರಿ ನರ ಸತ್ತುಹೋಗಿತ್ತು. ಗ್ಲಾಕೋಮಾ ಎಂಬ ಈ ಕಾಯಿಲೆ ಸದ್ದಿಲ್ಲದೆ ಬರುತ್ತದೆ, ನೋವಿಲ್ಲದೆ ಬದಿಯಿಂದ ಒಳಗೊಳಗೆ ತಿನ್ನುತ್ತದೆ, ಹೋದ ದೃಷ್ಟಿ ಮರಳುವುದಿಲ್ಲ. ಪಕ್ಕದ ಮನೆಯ ಅಜ್ಜನಿಗೆ ಕಣ್ಣು ಬಂದದ್ದನ್ನು ಕೇಳಿ ಆಕೆ ಮಿಂದು, ತಲೆ ಬಾಚಿ, ಕುಂಕುಮ ಇಟ್ಟುಕೊಂಡು ಕಾದಿದ್ದರು. “ಆಗುವುದಿಲ್ಲ ಅವ್ವ” ಎಂದು ಗೆಳತಿಯೇ ಹೇಳಿದಳು, ಸುತ್ತುಬಳಸದೆ, ಎರಡೂ ಕೈ ಹಿಡಿದು. ಐದು ವರ್ಷದ ಮೊದಲು ಯಾರಾದರೂ ಒತ್ತಡ ನೋಡಿದ್ದರೆ ಹನಿ ಹಾಕುತ್ತ ಉಳಿಸಿಕೊಳ್ಳಬಹುದಿತ್ತು. ಐದು ವರ್ಷದ ಹಿಂದೆ ನಾವು ಆ ಊರಿಗೇ ಬರುತ್ತಿದ್ದೆವು. ಆ ಮನೆಯ ಒಳಗೆ ಹೋಗಿರಲಿಲ್ಲ, ಅಷ್ಟೇ. ಆಕೆಯ ಮಗಳನ್ನೂ ಮಗನನ್ನೂ ಪರೀಕ್ಷೆಗೆ ಕರೆದೊಯ್ದೆವು, ಏಕೆಂದರೆ ಇದು ರಕ್ತಸಂಬಂಧದಲ್ಲಿ ಬರುತ್ತದೆ. ಮಗಳಿಗೆ ಈಗ ಹನಿ ನಡೆಯುತ್ತಿದೆ.

ಹಲ್ಲಿನ ವಿಷಯದಲ್ಲೂ ನಾನು ನಿಧಾನವಾಗಿ ಕಲಿತದ್ದು ಒಂದಿದೆ. ಎಲ್ಲರಿಗೂ ಹಲ್ಲು ಕಟ್ಟಬೇಕಾಗಿಲ್ಲ. ಮೂವತ್ತು ವರ್ಷದಿಂದ ಬರೀ ಒಸಡಿನಲ್ಲಿ ನುಚ್ಚು, ಪಲ್ಯ, ಹಾಲಿನಲ್ಲಿ ನೆನೆಸಿದ ರೊಟ್ಟಿ ತಿಂದು ಗಟ್ಟಿಯಾಗಿರುವ ಅವ್ವನಿಗೆ ತೊಂಬತ್ತರಲ್ಲಿ ಪೂರ್ತಿ ಸೆಟ್ಟು ಕೊಟ್ಟರೆ ಅದು ಹೊರೆ. ಅಂಥ ಒಬ್ಬರು ಕಳೆದ ವರ್ಷ ನಾಲ್ಕು ತಿಂಗಳಿಂದ ಅಂಬಲಿ ಮಾತ್ರ ಕುಡಿಯುತ್ತಿದ್ದರು, ಸೊರಗಿ ಕಡ್ಡಿಯಾಗಿದ್ದರು. ವಯಸ್ಸಾಯಿತು, ಊಟ ಸೇರುವುದಿಲ್ಲ ಎಂದೇ ಮನೆಯವರು ತಿಳಿದಿದ್ದರು. ಬಾಯಿ ತೆರೆಸಿದರೆ ಉಳಿದ ಒಂದೇ ಒಂದು ಹಲ್ಲು ಮುರಿದು ಚೂರಿಯಂತಾಗಿ ನಾಲಿಗೆಯ ಬದಿಯನ್ನು ಕೊಯ್ಯುತ್ತಿತ್ತು. ಆ ಮೊನೆಯನ್ನು ಉಜ್ಜಿ ದುಂಡಗೆ ಮಾಡಿದೆ. ಮೂರು ನಿಮಿಷ. ಎರಡು ವಾರ ಬಿಟ್ಟು ಹೋಗಿ ಗಾಯ ಮಾಯ್ದಿದೆಯೇ ಎಂದು ನೋಡುವುದು ಕಡ್ಡಾಯ. ತಂಬಾಕು ಹಾಕುವ ಬಾಯಲ್ಲಿ ಎರಡು ವಾರಕ್ಕೂ ಮಾಯದ ಹುಣ್ಣನ್ನು ಪರೀಕ್ಷೆಗೆ ಕಳುಹಿಸಲೇಬೇಕು. ಇವರದು ಮಾಯ್ದಿತ್ತು. ನಾವು ಹೋದಾಗ ಮಡಿಕೆ ಕಾಳಿನ ಪಲ್ಯದಲ್ಲಿ ರೊಟ್ಟಿ ಅದ್ದಿ ತಿನ್ನುತ್ತಿದ್ದರು, ಮಾತಿಗೆ ನಿಲ್ಲಲಿಲ್ಲ.

ಕಣ್ಣಿನಲ್ಲೂ ಇಂಥದೇ ಪುಟ್ಟ ಕೆಲಸಗಳಿವೆ. ರೆಪ್ಪೆ ಒಳಕ್ಕೆ ಮಡಿಚಿ ಎವೆಗೂದಲು ಕಣ್ಣುಗುಡ್ಡೆಯನ್ನು ಉಜ್ಜುತ್ತಿರುವ ಅಜ್ಜಿಯರು ವರ್ಷಗಟ್ಟಲೆ ನೀರು ಸುರಿಸುತ್ತ ಕೂತಿರುತ್ತಾರೆ. ಹಲವರದು ಎಳವೆಯಲ್ಲಿ ಬಂದಿದ್ದ ಟ್ರಕೋಮಾ ಎಂಬ ಕಣ್ಣಿನ ಸೋಂಕಿನ ಉಳಿಕೆ. ಭಾರತ ಆ ರೋಗವನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯ ಮಟ್ಟದಿಂದ ತೊಲಗಿಸಿದೆ ಎಂದು 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು, ಸಂತೋಷದ ಸುದ್ದಿ. ಆ ಕಾಲದ ಕಲೆ ಹೊತ್ತವರು ಮಾತ್ರ ಇನ್ನೂ ನಮ್ಮ ನಡುವೆ ಇದ್ದಾರೆ. ಚಿಮಟದಿಂದ ನಾಲ್ಕು ಎವೆಗೂದಲು ಕಿತ್ತರೆ ಅಂದು ರಾತ್ರಿ ನಿದ್ರೆ ಬರುತ್ತದೆ. ಮತ್ತೆ ಬೆಳೆಯುತ್ತವೆ, ಮತ್ತೆ ಹೋಗಬೇಕು, ಶಸ್ತ್ರಚಿಕಿತ್ಸೆಗೆ ಒಪ್ಪುವವರೆಗೆ.

ಟ್ರಂಕಿನ ಅವ್ವನ ಎರಡೂ ಕಣ್ಣಿನ ಪೊರೆ 2018ರೊಳಗೆ ತೆಗೆಸಿದೆವು. ಕಣ್ಣು ಬಂದ ಮೇಲೆ ಅವರು ಮೊದಲು ಮಾಡಿದ ಕೆಲಸ ಜೋಳದ ಡಬ್ಬಿ ತೆರೆದು ನೋಡಿದ್ದು. “ಇಷ್ಟು ದಿನ ಹುಳ ತಿನ್ನಿಸಿದಿರಲ್ಲ” ಎಂದು ಸೊಸೆಯೊಡನೆ ಜಗಳವಾಡಿ, ಎರಡು ದಿನ ಕೂತು ಜೋಳವನ್ನೆಲ್ಲ ಹಸನು ಮಾಡಿದರಂತೆ. ಹಲ್ಲು ಹಾಕಿಕೊಳ್ಳಲು ಆಗ ಸುಲಭವಾಯಿತು. ರಾತ್ರಿ ತೆಗೆದು ನೀರಿನ ಬಟ್ಟಲಲ್ಲಿ ಇಡುತ್ತಾರೆ. ಬಿಸಿನೀರು ಹಾಕಿದರೆ ಸೊಟ್ಟಗಾಗುತ್ತದೆ ಎಂಬುದನ್ನು ಓಣಿಗೆಲ್ಲ ಅವರೇ ಸಾರಿದ್ದಾರೆ. ಮೊದಲು ಮೆತ್ತನೆಯ ಅನ್ನ, ಆಮೇಲೆ ಬಿಸಿ ರೊಟ್ಟಿಯ ಚೂರು, ಎರಡೂ ಬದಿಯಲ್ಲಿ ಸಮನಾಗಿ ಅಗಿಯುವುದು. ಹೀಗೆ ಐದು ತಿಂಗಳು. ಒಂದು ಭಾನುವಾರ ನನ್ನನ್ನು ಎದುರಿಗೆ ಕೂರಿಸಿಕೊಂಡು ಖಡಕ್ ರೊಟ್ಟಿ ಮುರಿದು, ಶೇಂಗಾ ಹಿಂಡಿ ಹಚ್ಚಿ, ಕಟುಂ ಎಂದು ಸದ್ದು ಮಾಡಿ ತಿಂದು ತೋರಿಸಿದರು.

ಕಳೆದ ಗುರುವಾರ ಸಂಜೆ ಬಸ್ ನಿಲ್ದಾಣದಿಂದ ಕರೆ ಬಂತು. ಆ ಊರಿನ ಬಸ್ಸಿನ ಕಂಡಕ್ಟರ್. ನನ್ನ ಹೆಸರಿಗೆ ಒಂದು ಸ್ಟೀಲ್ ಡಬ್ಬಿ ಬಂದಿದೆ ಎಂದರು. ಹೋಗಿ ತೆಗೆದು ನೋಡಿದರೆ ನೀರಿನಲ್ಲಿ ಮುಳುಗಿದ ಮೇಲಿನ ಸೆಟ್ಟು, ನಡುವೆ ಸರಿಯಾಗಿ ಎರಡು ತುಂಡು. ತೊಳೆಯುವಾಗ ಬಚ್ಚಲ ಕಲ್ಲಿನ ಮೇಲೆ ಬಿದ್ದಿರಬೇಕು. ಜೊತೆಗೆ ಮೊಮ್ಮಗನ ಕೈಯಲ್ಲಿ ಬರೆಸಿದ ಚೀಟಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದು:

“ಡಾಕ್ಟರ್ ಬಾಯಿಗೆ ಅಜ್ಜಿಯ ನಮಸ್ಕಾರ. ಎರಡು ದಿನದಿಂದ ರೊಟ್ಟಿ ತಿಂದಿಲ್ಲ. ಇಷ್ಟು ತಡ ಮಾಡಿದರೆ ಹೇಗೆ? ಬೇಗ ಕೂಡಿಸಿ ಕಳುಹಿಸು.”

ಚೀಟಿಯನ್ನು ಮೂರು ಸಲ ಓದಿದೆ. ದೂರು ಹೇಳಲು ಹಿಂಜರಿದಿದ್ದ ಅವ್ವ ನನ್ನನ್ನು ಗದರಿಸಿದ್ದರು. ತುಂಡುಗಳು ಚೆನ್ನಾಗಿ ಕೂಡುತ್ತಿದ್ದವು. ಟೆಕ್ನೀಷಿಯನ್ ತಮ್ಮನ ಲ್ಯಾಬಿನಲ್ಲಿ ಅಂದು ರಾತ್ರಿಯೇ ಪ್ಲಾಸ್ಟರ್‌ನಲ್ಲಿ ಹಿಡಿದು ನಿಲ್ಲಿಸಿ, ಮುರಿದ ಅಂಚನ್ನು ಕೆರೆದು, ಹೊಸ ಅಕ್ರಿಲಿಕ್ ತುಂಬಿ, ಉಜ್ಜಿ ಹೊಳಪು ಕೊಟ್ಟೆವು. ಬೆಳಿಗ್ಗೆ ಆರೂಕಾಲಿನ ಬಸ್ಸಿಗೆ ಅದೇ ಡಬ್ಬಿಯಲ್ಲಿ ಹೊಸ ನೀರು ಹಾಕಿ ಕಂಡಕ್ಟರ್ ಕೈಗೆ ಕೊಟ್ಟು, ಭಾನುವಾರ ನಾನು ಬಂದು ಒತ್ತುತ್ತದೆಯೋ ಇಲ್ಲವೋ ನೋಡುವವರೆಗೆ ಖಡಕ್ ರೊಟ್ಟಿ ಬೇಡ, ಬಿಸಿ ರೊಟ್ಟಿ ಸಾಕು ಎಂದು ಹೇಳಿಕಳುಹಿಸಿದೆ.